'ಏಂಟ್' ಎಬ್ಬಿಸಿದ ರಾದ್ಧಾಂತ

1961ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಅಮೆರಿಕದ ಪತ್ರಿಕಾ ಕಚೇರಿಗಳಿಗೆ ಒಂದು ಪ್ರಕಟಣೆ ಬಂದು ಬಿತ್ತು. ಕಳಿಸಿದವರು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ಜಿ. ಅಂಡ್ ಸಿ. ಮೆರಿಯಮ್ ಕಂಪನಿಯವರು, ಅಂದರೆ ವೆಬ್‌ಸ್ಟರ್ ಹೆಸರಿನ ಮಹಾ ನಿಘಂಟಿನ ಪ್ರಕಾಶಕರು. 27 ವರ್ಷಗಳ ಬಳಿಕ ಆ ನಿಘಂಟಿನ ಹೊಸ ಆವೃತ್ತಿ 'ವೆಬ್‌ಸ್ಟರ್ಸ್ ಥರ್ಡ್ ನ್ಯೂ ಇಂಟರ್‌ನ್ಯಾಷನಲ್' ಅದೇ ತಿಂಗಳ 28ರಂದು ಬಿಡುಗಡೆಯಾಗುವುದಿತ್ತು. ನಾಲ್ಕೂವರೆ ಲಕ್ಷ ನಮೂದುಗಳು, ಅದರಲ್ಲಿ ಒಂದು ಲಕ್ಷ ಹೊಸ ಪದಗಳು ಇಲ್ಲವೆ ಹೊಸ ಅರ್ಥಗಳು. ತಗಲಿದ ಖರ್ಚು 35 ಲಕ್ಷ ಡಾಲರ್. ಪ್ರತಿಯೊಂದರ ಬೆಲೆ 47 ಡಾಲರ್ 50 ಸೆಂಟ್. ಇಷ್ಟೇ ಹೇಳಿದರೆ ನಿಘಂಟಿನ ಸುದ್ದಿಯನ್ನು ಯಾರು ಅಚ್ಚು ಹಾಕುತ್ತಾರೆ ಎಂದು ಪ್ರಚಾರದವರಿಗೆ ಅನ್ನಿಸಿರಬೇಕು. ಒಗ್ಗರಣೆಗೆಂದು ಇನ್ನೊಂದು ಮಾತು ಸೇರಿಸಿದರು. 'ಆಮ್ ನಾಟ್', 'ಆರ್ ನಾಟ್' ಎಂಬುದಕ್ಕೆ ಬದಲಾಗಿ ಆಡುವ 'ಏಂಟ್' ಪದಕ್ಕೆ ಕೊನೆಗೂ ಅಧಿಕೃತ ಮನ್ನಣೆ ಸಿಕ್ಕಿದೆ, ಅಮೆರಿಕದ ಬಹುತೇಕ ಕಡೆ ಸುಸಂಸ್ಕೃತರೂ ಅದನ್ನು ಮಾತಿನಲ್ಲಿ ಬಳಸುತ್ತಾರೆ ಎಂದು ನಿಘಂಟು ಹೇಳುತ್ತದೆ ಎಂಬುದು ಆ ಮಾತು.

ಕೋಲು ಕೊಟ್ಟು ಹೊಡೆಸಿಕೊಂಡರು ಅನ್ನುವುದು ಇದಕ್ಕೇ. ಮರುದಿನದಿಂದಲೇ ಊರೂರಿನ ಪತ್ರಿಕೆಗಳಲ್ಲಿ ಒಂದೇ ಹಾಡು. 'ಏಂಟ್' ಅನ್ನುವುದು ತಪ್ಪೇನಲ್ಲ, ಬೇಕಾದರೆ ವೆಬ್‌ಸ್ಟರ್ ನೋಡಿ ಎಂದು ಷಿಕಾಗೋ ಟ್ರಿಬ್ಯೂನ್ ಅದೇ 'ಏಂಟ್' ಬಳಸಿ ಶೀರ್ಷಿಕೆ ಕೊಟ್ಟಿತು. ಉಳಿದವರೂ ಅದನ್ನೇ ಹಿಡಿದು ಚೇಷ್ಟೆ ಮಾಡಿದರು. ನಿಘಂಟು ಇನ್ನೂ ಅಂಗಡಿಗೆ ಬಂದಿರಲಿಲ್ಲ. ಆರು ಕಿಲೋ ತೂಕದ, 2,662 ಪುಟಗಳ ಆ ಪುಸ್ತಕವನ್ನು ತೆರೆದು ನೋಡಿದವರು ಬೆರಳೆಣಿಕೆಯಷ್ಟು ಜನ.

ತೆರೆದಿದ್ದರೆ ಏನು ಕಾಣುತ್ತಿತ್ತು? ಅನೇಕರು ಒಪ್ಪುವುದಿಲ್ಲ, ಕಡಿಮೆ ಓದಿದವರ ಮಾತಿನಲ್ಲೇ ಹೆಚ್ಚು, ಆದರೂ ಸುಸಂಸ್ಕೃತ ಜನರಲ್ಲಿ ಹಲವರು ಬಾಯಿಮಾತಿನಲ್ಲಿ, ವಿಶೇಷವಾಗಿ 'ಏಂಟ್ ಐ' ಎಂಬ ಪ್ರಯೋಗದಲ್ಲಿ ಬಳಸುತ್ತಾರೆ ಎಂಬ ಟಿಪ್ಪಣಿ. 'ಹ್ಯಾವ್ ನಾಟ್', 'ಹ್ಯಾಸ್ ನಾಟ್' ಎಂಬ ಅರ್ಥದಲ್ಲಿ ಬಳಸಿದರೆ ಅದು ಕೆಳದರ್ಜೆಯ ಪ್ರಯೋಗ ಎಂಬ ಪಟ್ಟಿಯೂ ಅಲ್ಲೇ ಇತ್ತು. ಪ್ರಕಟಣೆ ಬರೆದವರು ಮೊದಲಿನ ಎಚ್ಚರಿಕೆಯನ್ನು ನುಂಗಿದರು, 'ಏಂಟ್ ಐ' ಎಂಬ ಮಿತಿಯನ್ನೂ ನುಂಗಿದರು. ಹೊಸದೊಂದು ಪದ ಒಳಗೆ ಬಂತು ಎಂಬ ಭಾವನೆ ಬರುವಂತೆ ಬರೆದರು. ಹಾಗೆ ನೋಡಿದರೆ 'ಏಂಟ್' 1934ರಲ್ಲಿ ಬಂದ ಹಿಂದಿನ ಆವೃತ್ತಿಯಲ್ಲೂ ಇತ್ತು, 'ಪ್ರಾಂತೀಯ ಅಥವಾ ಅನಕ್ಷರಸ್ಥ' ಎಂಬ ಹಣೆಪಟ್ಟಿಯೊಂದಿಗೆ.

ಆ ಪದದ ಕುಲವೇನೂ ಕೀಳಾಗಿರಲಿಲ್ಲ. 17ನೇ ಶತಮಾನದ ಕೊನೆಯ ಇಂಗ್ಲಿಷ್ ನಾಟಕಗಳಲ್ಲಿ 'ಆನ್ಟ್' ಎಂಬ ರೂಪದಲ್ಲಿ ಕಾಣಿಸಿಕೊಂಡಿತು. 'ಆಮ್ ನಾಟ್', 'ಆರ್ ನಾಟ್' ಎರಡೂ ನಾಲಿಗೆಯ ಮೇಲೆ ಸವೆದು ಒಂದೇ ಆದ ರೂಪ ಅದು. 18ನೇ ಶತಮಾನದಲ್ಲಿ 'ಏಂಟ್' ಆಯಿತು. ಇಂಗ್ಲೆಂಡಿನ ಮೇಲ್ವರ್ಗದ ಸಾಹೇಬರು 20ನೇ ಶತಮಾನದ ಆರಂಭದವರೆಗೂ ಅದನ್ನು ಸಲೀಸಾಗಿ ಆಡುತ್ತಿದ್ದರು. ಡೊರೊತಿ ಸೇಯರ್ಸ್‌ರ ಪತ್ತೇದಾರಿ ಕಾದಂಬರಿಗಳ ನಾಯಕ ಲಾರ್ಡ್ ಪೀಟರ್ ವಿಮ್ಸಿಯ ಬಾಯಲ್ಲೂ ಅದಿದೆ. ಹೀಗೆ ಮೇಲಿನವರೂ ಕೆಳಗಿನವರೂ ಅಳುಕಿಲ್ಲದೆ ಬಳಸಿದ ಪದವನ್ನು ಹಿಡಿದು ಬಡಿದವರು ನಡುವಿನವರು, ಅಂದರೆ ಶಾಲಾ ವ್ಯಾಕರಣವನ್ನು ಏಣಿ ಮಾಡಿಕೊಂಡು ಮೇಲೇರಬೇಕಾಗಿದ್ದವರು. ಅಮೆರಿಕದಲ್ಲಿ ಮೇಷ್ಟರ ಬೆತ್ತಕ್ಕೆ ಅತಿ ಹೆಚ್ಚು ಕೆಲಸ ಕೊಟ್ಟ ಪದ ಇದೇ ಇರಬೇಕು.

ಇಂಥ ಜಗಳ ಇಂಗ್ಲಿಷಿಗೆ ಹೊಸದಲ್ಲ. ಜನಜಂಗುಳಿ ಎಂಬರ್ಥದ 'ಮಾಬ್' ಎಂಬ ಪದವನ್ನು ಕಂಡರೆ ಜೊನಾಥನ್ ಸ್ವಿಫ್ಟ್‌ಗೆ ಆಗುತ್ತಿರಲಿಲ್ಲ. ಲ್ಯಾಟಿನ್ನಿನ ಎರಡು ಪದಗಳನ್ನು ಮುರಿದು ಮಾಡಿದ ತುಂಡು ಎಂದು 1710ರಲ್ಲಿ ಬೈದ. 1712ರಲ್ಲಿ ಭಾಷೆಯನ್ನು ತಿದ್ದಿ ಶಾಶ್ವತವಾಗಿ ನಿಲ್ಲಿಸಲು ಒಂದು ಮಂಡಲಿ ಬೇಕೆಂದು ಪ್ರಸ್ತಾವ ಬರೆದ. ಮಂಡಲಿ ಬರಲಿಲ್ಲ, 'ಮಾಬ್' ಉಳಿಯಿತು. ಸ್ಯಾಮ್ಯುಯೆಲ್ ಜಾನ್ಸನ್ 1747ರಲ್ಲಿ ನಿಘಂಟಿನ ಯೋಜನೆ ಬರೆದಾಗ ಇಂಗ್ಲಿಷನ್ನು ಒಂದು ಸ್ಥಿತಿಯಲ್ಲಿ ನಿಲ್ಲಿಸುವ ಆಸೆ ಇಟ್ಟುಕೊಂಡಿದ್ದ. 1755ರಲ್ಲಿ ಕೆಲಸ ಮುಗಿಸಿ ಮುನ್ನುಡಿ ಬರೆಯುವ ಹೊತ್ತಿಗೆ ಅದು ಆಗದ ಹೋಗದ ಮಾತೆಂದು ತಾನೇ ಒಪ್ಪಿಕೊಂಡ, ಆದರೂ ಇಷ್ಟವಾಗದ ಪದಗಳಿಗೆ 'ಕೀಳು' ಎಂಬ ಪಟ್ಟಿ ಅಂಟಿಸುವುದನ್ನು ಬಿಡಲಿಲ್ಲ. ಅಟ್ಲಾಂಟಿಕ್ಕಿನ ಆಚೆ ಥಾಮಸ್ ಜೆಫರ್ಸನ್ 'ಬಿಲಿಟಲ್' (ಕೀಳುಗಳೆ) ಎಂಬ ಕ್ರಿಯಾಪದ ಬಳಸಿದಾಗ 1787ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅವರನ್ನು ಹಿಗ್ಗಾಮುಗ್ಗಾ ಗೇಲಿ ಮಾಡಿತು. 1857ರಲ್ಲಿ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ ಮಾತಾಡಿದ ಪಾದ್ರಿ ರಿಚರ್ಡ್ ಟ್ರೆಂಚ್, ನಿಘಂಟುಕಾರನಾದವನು ಭಾಷೆಯ ಚರಿತ್ರೆಕಾರನೇ ಹೊರತು ವಿಮರ್ಶಕನಲ್ಲ ಎಂದು ಸಾರಿದರು. ಆಕ್ಸ್‌ಫರ್ಡ್ ಮಹಾಕೋಶ ಹುಟ್ಟಿದ್ದು ಆ ಮಾತಿನಿಂದ. ಹಾಗಾಗಿ 1961ರ ನಿಘಂಟಿನ ಹಿಂದಿದ್ದ ತತ್ವಕ್ಕೆ ಆಗಲೇ ನೂರು ವರ್ಷ ದಾಟಿತ್ತು. ಕೊಂಡುಕೊಳ್ಳುವವರಿಗೆ ಮಾತ್ರ ಅದನ್ನು ಯಾರೂ ಹೇಳಿರಲಿಲ್ಲ.

ಯಾಕೆ ಹೇಳಿರಲಿಲ್ಲ ಎಂಬುದರಲ್ಲೇ ಕಥೆಯ ಗಂಟು ಇದೆ. ನೋವಾ ವೆಬ್‌ಸ್ಟರ್ 1828ರಲ್ಲಿ ಸುಮಾರು 70,000 ಪದಗಳ ಅಮೆರಿಕನ್ ನಿಘಂಟು ತಂದರು, 1843ರಲ್ಲಿ ತೀರಿಕೊಂಡರು. ಆಗ ಹಕ್ಕುಗಳನ್ನು ಕೊಂಡವರು ಜಾರ್ಜ್ ಮತ್ತು ಚಾರ್ಲ್ಸ್ ಮೆರಿಯಮ್ ಎಂಬ ಅಣ್ಣತಮ್ಮಂದಿರು. ಪ್ರತಿಸ್ಪರ್ಧಿ ಜೋಸೆಫ್ ವೂಸ್ಟರ್ ಅವರ ನಿಘಂಟಿನೊಂದಿಗೆ ವರ್ಷಗಟ್ಟಲೆ ಹೊಡೆದಾಡಿ ಮಾರುಕಟ್ಟೆ ಗೆದ್ದರು. ಮುಂದಿನ ಒಂದು ಶತಮಾನ ಕಂಪನಿ ತನ್ನ ಪುಸ್ತಕವನ್ನು 'ಪರಮ ಪ್ರಮಾಣ' ಎಂದೇ ಮಾರಿತು. ಶಾಲೆಗಳಲ್ಲಿ, ನ್ಯಾಯಾಲಯಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ ಅದಕ್ಕೆಂದೇ ಮರದ ಪೀಠವಿರುತ್ತಿತ್ತು. ವೆಬ್‌ಸ್ಟರಿನಲ್ಲಿ ಇದ್ದರೆ ಪದ, ಇಲ್ಲದಿದ್ದರೆ ಇಲ್ಲ. ಆ ಪೀಠದಿಂದ ಬಂದ ಲಾಭವನ್ನು ಕಂಪನಿ ನೂರು ವರ್ಷ ಉಂಡಿತ್ತು.

1934ರ ಆ ಹಿಂದಿನ ಆವೃತ್ತಿ, ಅಂದರೆ 'ಸೆಕೆಂಡ್', ಈ ಪ್ರತಿಷ್ಠೆಯ ತುತ್ತತುದಿ. ಸ್ಮಿತ್ ಕಾಲೇಜಿನ ಅಧ್ಯಕ್ಷ ವಿಲಿಯಂ ಆಲನ್ ನೀಲ್ಸನ್ ಅದರ ಪ್ರಧಾನ ಸಂಪಾದಕ. ಆರು ಲಕ್ಷ ನಮೂದುಗಳು. ಊರುಗಳು, ಮಹಾಪುರುಷರು, ಪುರಾಣದ ಪಾತ್ರಗಳು, ಕಾದಂಬರಿಯ ನಾಯಕರು ಎಲ್ಲರೂ ಒಳಗಿದ್ದರು. ಮನೆಯಲ್ಲಿ ಬೇರೆ ಪುಸ್ತಕವೇ ಬೇಡ ಅನ್ನುವಂತಿತ್ತು. 1961ರ ಟೀಕಾಕಾರರೆಲ್ಲ ಇದನ್ನೇ ಎದೆಗವಚಿಕೊಂಡು ಅತ್ತರು. ಆದರೆ ಈ ಪವಿತ್ರ ಗ್ರಂಥದ ಹೊಟ್ಟೆಯಲ್ಲಿ 'ಡೋರ್ಡ್' ಎಂಬ ಒಂದು ಪ್ರಾಣಿ ಕೂತಿತ್ತು.

'ಡೋರ್ಡ್' ಅಂದರೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಸಾಂದ್ರತೆ ಎಂದು 'ಸೆಕೆಂಡ್' ಅರ್ಥ ಕೊಡುತ್ತಿತ್ತು. ಅಂಥ ಪದವನ್ನು ಯಾವ ವಿಜ್ಞಾನಿಯೂ ಆಡಿರಲಿಲ್ಲ, ಬರೆದಿರಲಿಲ್ಲ. 1931ರ ಜುಲೈ 31ರಂದು ರಸಾಯನಶಾಸ್ತ್ರದ ಸಂಪಾದಕ ಆಸ್ಟಿನ್ ಪ್ಯಾಟರ್ಸನ್ ಒಂದು ಚೀಟಿ ಟೈಪ್ ಮಾಡಿ ಕಳಿಸಿದ್ದರು. ಸಾಂದ್ರತೆಗೆ ಸಂಕ್ಷೇಪವಾಗಿ ದೊಡ್ಡ 'ಡಿ' ಅಥವಾ ಸಣ್ಣ 'ಡಿ' ಎರಡನ್ನೂ ಬಳಸಬಹುದು ಎಂಬುದಷ್ಟೇ ಅದರ ತಿರುಳು. ಇಂಗ್ಲಿಷಿನಲ್ಲಿ 'ಡಿ ಆರ್ ಡಿ'. ಸಂಕ್ಷೇಪಗಳ ಪೆಟ್ಟಿಗೆಗೆ ಹೋಗಬೇಕಿದ್ದ ಚೀಟಿ ಪದಗಳ ಪೆಟ್ಟಿಗೆಗೆ ಬಿತ್ತು. ಅಕ್ಷರಗಳ ನಡುವಿನ ತೆರವು ಯಾರದೋ ಕಣ್ಣು ತಪ್ಪಿಸಿತು, ಮೂರು ತುಂಡು ಕೂಡಿ ಒಂದು ನಾಮಪದವಾಯಿತು. ಇನ್ನೊಬ್ಬರು ಉಚ್ಚಾರಣೆ ಸೇರಿಸಿದರು. ಕರಡು ತಿದ್ದಿದವರು ದಾಟಿಸಿದರು, ಅಚ್ಚಾಯಿತು. 1939ರ ಫೆಬ್ರವರಿ 28ರಂದು ಸಂಪಾದಕರೊಬ್ಬರು ಈ ಪದಕ್ಕೆ ವ್ಯುತ್ಪತ್ತಿಯೇ ಇಲ್ಲವಲ್ಲ ಎಂದು ಕೆದಕಿದಾಗ ಭೂತ ಸಿಕ್ಕಿಬಿತ್ತು. ಐದು ವರ್ಷ ಯಾವ ಓದುಗನೂ, ಯಾವ ವ್ಯಾಕರಣ ಪಂಡಿತನೂ ತಕರಾರು ಎತ್ತಿರಲಿಲ್ಲ. ನಿಘಂಟಿನಲ್ಲಿದೆಯಲ್ಲ, ಮತ್ತೇನು? ಕೋಟ್ಯಂತರ ಜನ ದಿನಾ ಆಡುವ ಪದ 'ಪದವಲ್ಲ' ಅನ್ನಿಸಿಕೊಳ್ಳುತ್ತಿದ್ದಾಗ ಯಾರೂ ಆಡದ ಪದವೊಂದು ಪೂರ್ಣ ಮರ್ಯಾದೆಯೊಂದಿಗೆ ಕೂತಿತ್ತು.

ಈ ಕಥೆಯನ್ನು 1954ರಲ್ಲಿ 'ಅಮೆರಿಕನ್ ಸ್ಪೀಚ್' ಪತ್ರಿಕೆಯಲ್ಲಿ ಬಯಲು ಮಾಡಿದವರು ಕಂಪನಿಯದೇ ಸಂಪಾದಕ ಫಿಲಿಪ್ ಬ್ಯಾಬ್‌ಕಾಕ್ ಗೋವ್. ಆ ಪದವನ್ನು ತೆಗೆದದ್ದಕ್ಕೆ ಸಣ್ಣ ವಿಷಾದವನ್ನೂ ತಮಾಷೆಗೆ ಸೇರಿಸಿದ್ದರು. ತಮಾಷೆ ಅವರ ಸ್ವಭಾವದಲ್ಲಿ ಹೆಚ್ಚಿರಲಿಲ್ಲ ಅನ್ನಿ. 1902ರಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಹುಟ್ಟಿದ ಗೋವ್ ಇಂಗ್ಲಿಷ್ ಅಧ್ಯಾಪಕರಾಗಿದ್ದವರು, ಜಾನ್ಸನ್ನನ ನಿಘಂಟಿನ ಬಗ್ಗೆ ಸಂಶೋಧನೆ ಮಾಡಿದ್ದವರು, ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿದ್ದು 1946ರಲ್ಲಿ ಮೆರಿಯಮ್ ಸೇರಿದವರು. ಹೊಸ ಆವೃತ್ತಿಗೆ ಹೆಸರುವಾಸಿ ವಿದ್ವಾಂಸರೊಬ್ಬರನ್ನು ಕಂಪನಿ ಹುಡುಕಿತು. ಯಾರೂ ಕುದುರದೆ 1950ರ ದಶಕದ ಆರಂಭದಲ್ಲಿ ಹೊಣೆ ಗೋವ್ ಹೆಗಲಿಗೆ ಬಂತು. ಕೆಲಸದ ಶಿಸ್ತಿನಲ್ಲಿ ಅವರು ಕಟ್ಟಾ ಮನುಷ್ಯ. ಅರ್ಥ ಬರೆಯುವ ಕ್ರಮದ ಬಗ್ಗೆ ಅವರು ರೂಪಿಸಿದ ನಿಯಮಗಳ ಸಂಗ್ರಹಕ್ಕೆ ಸಂಪಾದಕರು 'ಕಪ್ಪು ಪುಸ್ತಕ' ಅನ್ನುತ್ತಿದ್ದರು.

ನಿಘಂಟಿನ ಬುಡದಲ್ಲಿದ್ದದ್ದು ಚೀಟಿಗಳ ರಾಶಿ. ಸಂಪಾದಕರು ಪತ್ರಿಕೆ, ಕಾದಂಬರಿ, ವಿಜ್ಞಾನ ನಿಯತಕಾಲಿಕ, ಮಾರಾಟದ ಪಟ್ಟಿ ಎಲ್ಲವನ್ನೂ ಓದಿ, ಗಮನ ಸೆಳೆದ ಪದಕ್ಕೆ ಗೆರೆ ಎಳೆದು ಗುರುತು ಹಾಕುತ್ತಿದ್ದರು. ಟೈಪಿಸ್ಟರು ಆ ವಾಕ್ಯವನ್ನು ಚೀಟಿಗೆ ಇಳಿಸಿ ಅಕಾರಾದಿಯಲ್ಲಿ ಜೋಡಿಸುತ್ತಿದ್ದರು. ಒಟ್ಟು ಒಂದು ಕೋಟಿ ಚೀಟಿ ಸೇರಿತ್ತು. ಅರ್ಥ ಬರೆಯುವವರು ಒಂದು ಪದದ ಕಟ್ಟನ್ನು ಎದುರಿಗಿಟ್ಟುಕೊಂಡು, ಜನ ಅದನ್ನು ನಿಜವಾಗಿ ಹೇಗೆ ಬಳಸಿದ್ದಾರೆ ಎಂದು ನೋಡಿ ಬರೆಯಬೇಕು. ತಮಗೆ ಹೇಗಿದ್ದರೆ ಚೆನ್ನ ಅನ್ನಿಸುತ್ತದೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಶೇಕ್ಸ್‌ಪಿಯರ್, ಮಿಲ್ಟನ್ ಜೊತೆಗೆ ಅಧ್ಯಕ್ಷ ಐಸೆನ್‌ಹೋವರ್, ಪತ್ತೇದಾರಿ ಲೇಖಕ ಮಿಕಿ ಸ್ಪಿಲೇನ್, ವೇಶ್ಯಾಗೃಹ ನಡೆಸಿ ಆತ್ಮಕಥೆ ಬರೆದ ಪಾಲಿ ಆಡ್ಲರ್ ಕೂಡ ಉದಾಹರಣೆಗಳಲ್ಲಿ ಬಂದರು. 'ಡ್ರೇನ್' ಎಂಬ ಕ್ರಿಯಾಪದದ ಅರ್ಥ ತೋರಿಸಲು, ದಿನಕ್ಕೆರಡು ಆಟ ಆಡಿದರೆ ಹೆಣ್ಣುಮಗಳೊಬ್ಬಳು ಬಸವಳಿದು ಹೋಗುತ್ತಾಳೆ ಎಂಬರ್ಥದ ಬ್ರಾಡ್‌ವೇ ಗಾಯಕಿ ಎಥೆಲ್ ಮರ್ಮನ್ ಮಾತು ಸಿಕ್ಕಿತ್ತು. ನನ್ನ ಮಟ್ಟಿಗೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಇರಲಾರದು. ಗಂಭೀರ ಓದುಗರಿಗೆ ಮಾತ್ರ ದೇವಸ್ಥಾನದಲ್ಲಿ ಲಾವಣಿ ಕೇಳಿದ ಹಾಗಾಯಿತು.

ಗೋವ್ ಇನ್ನೂ ಮೂರು ಕೆಲಸ ಮಾಡಿದರು, ಮೂರೂ ತಿರುಗುಬಾಣವಾದವು. ಒಂದೇ ಸಂಪುಟದಲ್ಲಿ ಹಿಡಿಸಬೇಕೆಂದು ಊರು, ವ್ಯಕ್ತಿ, ಪಾತ್ರಗಳ ಹೆಸರುಗಳನ್ನೆಲ್ಲ ಕಿತ್ತರು. ಅರ್ಥವಿವರಣೆ ಒಂದೇ ಅಖಂಡ ಪದಪುಂಜವಾಗಿರಬೇಕು, ನಡುವೆ ಅಲ್ಪವಿರಾಮ ಆದಷ್ಟೂ ಇರಬಾರದು ಎಂದು ವಿಧಿಸಿದರು. ಇದರಿಂದಾಗಿ 'ಹೋಟೆಲ್' ಪದದ ಅರ್ಥ ಓದಲು ಹೋದವನು ಲಿಫ್ಟು, ಆರಾಮಕುರ್ಚಿಗಳಿರುವ ಲಾಬಿ, ಕುಣಿಯುವ ಜಾಗ, ಮಾರಾಟ ಪ್ರತಿನಿಧಿಗಳ ಸಭೆ, ಮಿಠಾಯಿ ಅಂಗಡಿ, ಕ್ಷೌರ, ಬೂಟು ಪಾಲಿಶ್, ಟೆಲಿಫೋನ್ ಗೂಡು ಎಲ್ಲ ದಾಟಿ ಕೊನೆಗೆ ಕೈತೊಳೆಯುವ ಕೋಣೆಯಲ್ಲಿ ಬಂದು ನಿಲ್ಲುತ್ತಿದ್ದ. ಮೂರನೆಯದು 'ಕಲೋಕ್ವಿಯಲ್' ಎಂಬ ಪಟ್ಟಿಯನ್ನು ತೆಗೆದದ್ದು. ಹಳೆಯ ಸಂಪಾದಕರಿಗೆ ಅದರ ಅರ್ಥ 'ಆಡುಮಾತಿನದು' ಎಂದಷ್ಟೇ. ಓದುಗರು, ಅವರಿಗಿಂತ ಹೆಚ್ಚಾಗಿ ಶಿಕ್ಷಕರು, ಅದನ್ನು 'ತಪ್ಪು' ಎಂದೇ ಓದುತ್ತಿದ್ದರು. ಚೀಟಿ ನೋಡಿ ಇದು ಆಡುಮಾತು, ಇದು ಬರವಣಿಗೆ ಎಂದು ಗೆರೆ ಎಳೆಯಲು ಆಗುವುದಿಲ್ಲ ಎಂಬುದು ಗೋವ್ ವಾದ. 'ಸ್ಲ್ಯಾಂಗ್', 'ಸಬ್‌ಸ್ಟ್ಯಾಂಡರ್ಡ್', 'ನಾನ್‌ಸ್ಟ್ಯಾಂಡರ್ಡ್' ಎಂಬ ಪಟ್ಟಿಗಳನ್ನು ಉಳಿಸಿಕೊಂಡರು, ಆದರೆ ಬಿಗಿಯಾಗಿ, ಜಿಪುಣತನದಿಂದ ಬಳಸಿದರು.

1961ರ ಅಕ್ಟೋಬರ್ 12ರಂದು ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆಯಿತು. ಹೊಸ ನಿಘಂಟಿನಲ್ಲಿ ಸಿಕ್ಕ ಬೀದಿಮಾತುಗಳನ್ನೆಲ್ಲ ಪೋಣಿಸಿ ಮೊದಲ ಪ್ಯಾರಾ ಕಟ್ಟಿ, ಇದೇನಾ ಇನ್ನು ಇಂಗ್ಲಿಷ್ ಎಂದು ಕೇಳಿ, ತಾವು 'ಸೆಕೆಂಡ್' ಬಿಡುವುದಿಲ್ಲ ಎಂದು ಘೋಷಿಸಿತು. ಆ ಪದಗಳಿಗೆ ನಿಘಂಟಿನಲ್ಲಿದ್ದ ಜಾಗ ಸಮುದ್ರದಲ್ಲಿ ಹನಿಯಷ್ಟು, ಅಲ್ಲದೆ 1960ರ ದಶಕದ ಇಂಗ್ಲಿಷ್ 1930ರದಲ್ಲ ಎಂದು ಗೋವ್ ಉತ್ತರ ಬರೆದರು. ತಿಂಗಳ ಕೊನೆಗೆ 'ಲೈಫ್' ಪತ್ರಿಕೆ ಸೇರಿಕೊಂಡಿತು. 'ರಿಗಾರ್ಡ್‌ಲೆಸ್' ಎಂಬುದಕ್ಕೆ ಬದಲಾಗಿ ಆಡುವ 'ಇರ್‌ರಿಗಾರ್ಡ್‌ಲೆಸ್', 'ಫೈನಲೈಸ್' ಮುಂತಾದವನ್ನು ಒಳಗೆ ಬಿಟ್ಟರೆಂದು ಹರಿಹಾಯ್ದು, ಲಿಂಕನ್ ತಮ್ಮ ಗೆಟ್ಟಿಸ್‌ಬರ್ಗ್ ಭಾಷಣಕ್ಕೆ ಇಂಥ ನಿಘಂಟನ್ನು ಮಾದರಿ ಮಾಡಿಕೊಳ್ಳುತ್ತಿದ್ದರೇ ಎಂದು ಕೇಳಿತು. 'ಇರ್‌ರಿಗಾರ್ಡ್‌ಲೆಸ್' ಎದುರಿಗೆ ನಿಘಂಟು ಸ್ಪಷ್ಟವಾಗಿ 'ನಾನ್‌ಸ್ಟ್ಯಾಂಡರ್ಡ್' ಎಂದು ಬರೆದಿತ್ತು. ಅದನ್ನು ಹೇಳಿದರೂ ಕೇಳುವವರಿರಲಿಲ್ಲ. ಅದೇ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿ ಪತ್ರಿಕಾಗೋಷ್ಠಿಯಲ್ಲಿ 'ಫೈನಲೈಸ್' ಅಂದಾಗ ಟೈಮ್ಸ್ ಅವರನ್ನೂ ಬಿಡಲಿಲ್ಲ. ಇವತ್ತು ಬೆಂಗಳೂರಿನ ಮದುವೆ ಮನೆಗಳಲ್ಲಿ ಛತ್ರವನ್ನೂ ಅಡುಗೆಯವರನ್ನೂ 'ಫೈನಲೈಸ್' ಮಾಡುವ ನಮ್ಮ ಜನರಿಗೆ ಆ ಪದದ ಹಿಂದೆ ಇಂಥ ಮೊಕದ್ದಮೆ ಇದ್ದದ್ದು ಗೊತ್ತಿರಲಿಕ್ಕಿಲ್ಲ.

1962ರ ಜನವರಿಯಲ್ಲಿ 'ಅಟ್ಲಾಂಟಿಕ್' ಮಾಸಿಕದಲ್ಲಿ ವಿಲ್ಸನ್ ಫಾಲೆಟ್ ಬರೆದ ಲೇಖನದ ಶೀರ್ಷಿಕೆಯೇ 'ಸ್ಪ್ರಿಂಗ್‌ಫೀಲ್ಡಿನಲ್ಲಿ ಬುಡಮೇಲು ಕೃತ್ಯ' ಎಂಬರ್ಥದ್ದು. ಶೀತಲ ಸಮರದ ಕಾಲ ಬೇರೆ. ಡೆಟ್ರಾಯಿಟಿನಲ್ಲಿ ಒಬ್ಬ ಬಿಷಪ್ ಈ ನಿಘಂಟಿನಲ್ಲಿ ಬೋಲ್ಶೆವಿಕ್ ಮನೋಭಾವ ಕಂಡರು. ಮಾರ್ಚಿನಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಡ್ವೈಟ್ ಮ್ಯಾಕ್‌ಡೊನಾಲ್ಡ್ ಬರೆದದ್ದು ಇವೆಲ್ಲಕ್ಕಿಂತ ತೂಕದ ಟೀಕೆ. ಪುಸ್ತಕವನ್ನು ನಿಜವಾಗಿ ಓದಿದ ಕೆಲವೇ ಟೀಕಾಕಾರರಲ್ಲಿ ಅವರೊಬ್ಬರು. 'ಇನ್‌ಫರ್' (ಊಹಿಸು) ಮತ್ತು 'ಇಂಪ್ಲೈ' (ಸೂಚಿಸು), 'ಡಿಸ್‌ಇಂಟರೆಸ್ಟೆಡ್' (ಪಕ್ಷಪಾತವಿಲ್ಲದ) ಮತ್ತು 'ಅನ್‌ಇಂಟರೆಸ್ಟೆಡ್' (ಆಸಕ್ತಿಯಿಲ್ಲದ) ಇಂಥ ಜೋಡಿಗಳ ನಡುವೆ ಇಂಗ್ಲಿಷ್ ಉಳಿಸಿಕೊಂಡ ಸೂಕ್ಷ್ಮವನ್ನು ನಿಘಂಟು ಎಚ್ಚರಿಸದೆ ಅಳಿಸಿಹಾಕುತ್ತಿದೆ. ಭಾಷೆ ಬದಲಾಗುವುದು ಸಹಜ, ಆದರೆ ಹುಡುಗರು ತಪ್ಪು ಮಾಡುವಾಗ ಹಿರಿಯರು ಕೈಕಟ್ಟಿ ಕೂರಬೇಕಿಲ್ಲ ಎಂಬುದು ಅವರ ದೂರು. ಅದೇ ವರ್ಷ ಬಂದ ರೆಕ್ಸ್ ಸ್ಟೌಟ್‌ರ 'ಗ್ಯಾಂಬಿಟ್' ಕಾದಂಬರಿಯಲ್ಲಿ ಪತ್ತೇದಾರ ನೀರೋ ವುಲ್ಫ್ ಅಗ್ಗಿಷ್ಟಿಕೆಯ ಮುಂದೆ ಕೂತು 'ಥರ್ಡ್' ನಿಘಂಟಿನ ಹಾಳೆಗಳನ್ನು ಒಂದೊಂದಾಗಿ ಹರಿದು ಸುಡುತ್ತಾನೆ, ಇದೇ 'ಇನ್‌ಫರ್', 'ಇಂಪ್ಲೈ' ಸಿಟ್ಟಿಗೆ. 'ನ್ಯೂಯಾರ್ಕರ್' ಒಂದು ವ್ಯಂಗ್ಯಚಿತ್ರವನ್ನೂ ಹಾಕಿತು. ಅದರಲ್ಲಿ ಮೆರಿಯಮ್ ಕಚೇರಿಯ ಸ್ವಾಗತಕಾರಿಣಿ ಬಂದವರಿಗೆ ಡಾಕ್ಟರ್ ಗೋವ್ ಇಲ್ಲವೆಂದು ಹೇಳುತ್ತಾಳೆ, 'ಏಂಟ್' ಬಳಸಿ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾದರೆ ಜ್ಯಾಕ್ ಬಾರ್ಜೂನ್ 1963ರಲ್ಲಿ 'ಅಮೆರಿಕನ್ ಸ್ಕಾಲರ್' ಪತ್ರಿಕೆಯಲ್ಲಿ ಬರೆದದ್ದನ್ನು ನೋಡಬೇಕು. ಕೊಲಂಬಿಯಾದ ದೊಡ್ಡ ಇತಿಹಾಸಕಾರ ಅವರು. ತಮ್ಮ ಸಂಪಾದಕ ಮಂಡಳಿ ಎಂದೂ ಯಾವ ವಿಷಯದಲ್ಲೂ ಒಮ್ಮತದ ನಿಲುವು ತಳೆಯಲು ಬಯಸಿದ್ದಿಲ್ಲ, ಈ ನಿಘಂಟಿನ ವಿಷಯದಲ್ಲಿ ಮಾತ್ರ ತಳೆಯಿತು ಎಂದು ಅವರು ಬರೆಯುತ್ತಾರೆ. ಸಭೆಯಲ್ಲಿದ್ದವರು ಯಾರೂ ಪುಸ್ತಕದ ಮೇಲೆ ಕಣ್ಣಾಡಿಸಿದ್ದಕ್ಕಿಂತ ಹೆಚ್ಚು ನೋಡಿರಲಿಲ್ಲ, ಆದರೂ ಪ್ರತಿಯೊಬ್ಬರಿಗೂ ತಮ್ಮ ನಿಲುವು ಏನೆಂದು ಖಚಿತವಾಗಿ ಗೊತ್ತಿತ್ತು ಎಂದೂ ಸೇರಿಸುತ್ತಾರೆ. ನಾಚಿಕೆಯಿಂದಲ್ಲ, ತಮ್ಮ ವಾದಕ್ಕೆ ಬಲವೆಂದೇ ಬರೆದದ್ದು.

ಪ್ರತ್ಯುತ್ತರ ಕೊಟ್ಟವರಲ್ಲಿ ಬರ್ಗನ್ ಎವನ್ಸ್ ಗಟ್ಟಿಗ. 1962ರ ಮೇ ತಿಂಗಳ 'ಅಟ್ಲಾಂಟಿಕ್'ನಲ್ಲೇ, ಅಂದರೆ ಫಾಲೆಟ್ ಬರೆದ ಅಂಗಳದಲ್ಲೇ, ಅವರು ನೇರವಾಗಿ ಲೆಕ್ಕಕ್ಕೆ ಕೂತರು. ಇನ್ನು ಮುಂದೆಯೂ 'ಸೆಕೆಂಡ್' ಒಂದೇ ತಮಗೆ ಪ್ರಮಾಣ ಎಂದು ಟೈಮ್ಸ್ ಘೋಷಿಸಿದ ದಿನದ ಸಂಚಿಕೆಯನ್ನೇ ತೆಗೆದುಕೊಂಡು ಶೋಧಿಸಿದರು. 'ಥರ್ಡ್'ನಲ್ಲಿದ್ದು 'ಸೆಕೆಂಡ್'ನಲ್ಲಿಲ್ಲದ 153 ಪದ ಮತ್ತು ಪ್ರಯೋಗಗಳು ಅದರಲ್ಲಿ ಸಿಕ್ಕವು. 'ಸೆಕೆಂಡ್' ಖಂಡಿಸಿದ್ದು ಬೇರೆ 19. ಹಳೆಯ ವೆಬ್‌ಸ್ಟರನ್ನು ಬಿಡಬೇಡಿ ಎಂದು ಬರೆದ ವಾಷಿಂಗ್ಟನ್ ಪೋಸ್ಟಿನ ಸಂಪಾದಕೀಯದ ಮೊದಲ ವಾಕ್ಯದಲ್ಲಿ 'ಡೋಂಟ್' ಇತ್ತು, ಎರಡನೆಯದರಲ್ಲಿ 'ಹ್ಯಾಂಗ್ ಆನ್ ಟು' ಇತ್ತು. ಹಳೆಯ ವೆಬ್‌ಸ್ಟರ್ ಮೊದಲನೆಯದಕ್ಕೆ 'ಕಲೋಕ್ವಿಯಲ್' ಪಟ್ಟಿ ಹಚ್ಚಿತ್ತು, ಎರಡನೆಯದನ್ನು ಆ ಅರ್ಥದಲ್ಲಿ ನಮೂದಿಸಿಯೇ ಇರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಎವನ್ಸ್ ಲೇಖನ ಓದಿ ಟೈಮ್ಸ್ ನಿಲುವು ಬದಲಿಸಲಿಲ್ಲ.

ವಿದ್ವಾಂಸರ ನಡುವಿನ ಜಗಳ ಇನ್ನೂ ಹೆಚ್ಚು ಕಾಲ ನಡೆಯಿತು. ಭಾಷಾವಿಜ್ಞಾನಿಗಳು ಸೇರಿ ನಿಘಂಟನ್ನು ಕೆಡಿಸಿದರೆಂಬುದು ಒಂದು ಆರೋಪ. ಅದಕ್ಕೆ ಗೋವ್ ತಾವೇ ಎಣ್ಣೆ ಎರೆದಿದ್ದರು. ಭಾಷೆ ಸದಾ ಬದಲಾಗುತ್ತದೆ, ಬದಲಾವಣೆ ಸಹಜ, ಮಾತೇ ಭಾಷೆ, ಶುದ್ಧತೆ ಬಳಕೆಯನ್ನು ಅವಲಂಬಿಸಿದೆ, ಬಳಕೆಯೆಲ್ಲ ಸಾಪೇಕ್ಷ ಎಂದು ಇಂಗ್ಲಿಷ್ ಶಿಕ್ಷಕರ ರಾಷ್ಟ್ರೀಯ ಮಂಡಳಿ 1952ರಲ್ಲಿ ಹೇಳಿದ್ದ ಐದು ಸೂತ್ರಗಳನ್ನು ಅವರು ಅಕ್ಟೋಬರ್ 1961ರ ಲೇಖನವೊಂದರಲ್ಲಿ ಎತ್ತಿ ಹಿಡಿದರು. ಅರ್ಥ ಬರೆಯುವುದರ ಮೇಲೆ ಹೊಸ ಭಾಷಾವಿಜ್ಞಾನದ ಪ್ರಭಾವ ಅಲ್ಪ, ಉಚ್ಚಾರಣೆಯಲ್ಲಷ್ಟೇ ಅದು ಢಾಳಾಗಿದೆ ಎಂದು ಅದೇ ಲೇಖನದಲ್ಲಿ ಹೇಳಿದ್ದನ್ನು ಟೀಕಾಕಾರರು ಹಾರಿಸಿಬಿಟ್ಟರು. ಜೇಮ್ಸ್ ಸ್ಲೆಡ್ ಮತ್ತು ವಿಲ್ಮಾ ಎಬಿಟ್ 1962ರಲ್ಲೇ ಈ ಬೈಗುಳ, ಸಮರ್ಥನೆಗಳನ್ನೆಲ್ಲ ಒಂದು ಸಂಕಲನವಾಗಿ ಕಟ್ಟಿದರು. ಹರ್ಬರ್ಟ್ ಮಾರ್ಟನ್ 1994ರಲ್ಲಿ ಬರೆದ ಇತಿಹಾಸ ಗೋವ್ ಪರವಾಗಿ ವಾಲುತ್ತದೆ, ಪ್ರಚಾರದ ಎಡವಟ್ಟಿಗೂ ಓದದೆ ಬರೆದವರಿಗೂ ಹೆಚ್ಚಿನ ಹೊಣೆ ಹೊರಿಸುತ್ತದೆ. ಡೇವಿಡ್ ಸ್ಕಿನ್ನರ್ 2012ರಲ್ಲಿ ಈ ಕಥೆಯನ್ನು ಮತ್ತೆ ಹೇಳಿದಾಗ 1930ರಿಂದ 1960ರವರೆಗೆ ಅಮೆರಿಕದ ಸಾಂಸ್ಕೃತಿಕ ಪ್ರತಿಷ್ಠೆಯೇ ಸ್ಥಾನ ಬದಲಿಸುತ್ತಿದ್ದದ್ದನ್ನು ಹಿನ್ನೆಲೆಯಾಗಿ ಹಿಡಿದರು.

ಗೋವ್ ಭಾಷೆಯ ವಿಷಯದಲ್ಲಿ ಸರಿ, ಓದುಗನ ವಿಷಯದಲ್ಲಿ ತಪ್ಪು ಎಂದು ನನಗೆ ಅನ್ನಿಸುತ್ತದೆ. 47 ಡಾಲರ್ ಕೊಟ್ಟು ನಿಘಂಟು ಕೊಳ್ಳುವ ಗುಮಾಸ್ತ, ಅರ್ಜಿ ಬರೆಯುವ ವಲಸೆಗಾರ ಕೇಳುವುದು ಈ ಪದವನ್ನು ಜನ ಬಳಸುತ್ತಾರೆಯೇ ಎಂದಲ್ಲ. ನಾನು ಬಳಸಿದರೆ ಎದುರಿನವರು ನನ್ನನ್ನು ಹೇಗೆ ನೋಡುತ್ತಾರೆ ಎಂದು. ಅದೂ ಬಳಕೆಯ ಬಗೆಗಿನ ಒಂದು ಸತ್ಯವೇ, ಚೀಟಿಗಳಿಂದ ಕಂಡುಕೊಳ್ಳಬಹುದಾದ ಸತ್ಯವೇ. 'ಏಂಟ್' ಟಿಪ್ಪಣಿಯಲ್ಲಿ ಗೋವ್ ಅದನ್ನು ಚೊಕ್ಕಟವಾಗಿ ಹೇಳಿದ್ದರು. ಸಾವಿರಾರು ಬೇರೆ ಪದಗಳಿಗೆ ಅಷ್ಟು ಹೇಳುವ ತಾಳ್ಮೆ ತೋರಲಿಲ್ಲ. ಹೇಳಿದ ಆ ಒಂದು ಕಡೆಯೇ ಅವರಿಗೆ ಹೆಚ್ಚು ಏಟು ಬಿದ್ದದ್ದು ದುರ್ದೈವ.

ಜಗಳ ಬೇಗ ವ್ಯಾಪಾರಕ್ಕೆ ಇಳಿಯಿತು. 1962ರ ಆರಂಭದಲ್ಲಿ ಅಮೆರಿಕನ್ ಹೆರಿಟೇಜ್ ಪ್ರಕಾಶನದ ಅಧ್ಯಕ್ಷ ಜೇಮ್ಸ್ ಪಾರ್ಟನ್ ಮೆರಿಯಮ್ ಕಂಪನಿಯ ಷೇರುಗಳನ್ನೇ ಕೊಂಡುಬಿಡಲು ಹೊರಟರು. 'ಥರ್ಡ್' ಮಾರಾಟ ನಿಲ್ಲಿಸಿ ಸದ್ಯಕ್ಕೆ 'ಸೆಕೆಂಡ್'ಗೆ ಹಿಂತಿರುಗುವುದು, ಬೇಗನೆ 'ಫೋರ್ತ್' ತರುವುದು ಅವರ ಯೋಜನೆ. ಷೇರುದಾರರು ಬಗ್ಗಲಿಲ್ಲ. 1964ರಲ್ಲಿ ಮೆರಿಯಮ್ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಪಾಲಾಯಿತು. ಪಾರ್ಟನ್ ಬಳಗ ಸ್ವಂತ ನಿಘಂಟು ಮಾಡಲು ಕೂತು 1969ರಲ್ಲಿ 'ಅಮೆರಿಕನ್ ಹೆರಿಟೇಜ್ ಡಿಕ್ಷನರಿ' ಹೊರತಂದಿತು. ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಪು ಕೊಡಲು 105 ಲೇಖಕರು, ಸಂಪಾದಕರು, ಭಾಷಣಕಾರರ ಪ್ಯಾನೆಲ್ ಅದಕ್ಕಿತ್ತು. ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿದರೆ ಹಿರಿಯರ ನಡುವೆಯೇ ಒಮ್ಮತವಿಲ್ಲ. ಕೇಳಿದ ಅಷ್ಟೂ ಪ್ರಶ್ನೆಗಳಲ್ಲಿ ನೂರಕ್ಕೆ ನೂರು ಒಪ್ಪಿದ್ದು ಒಂದನ್ನು ಮಾತ್ರ: 'ಸೈಮಲ್ಟೇನಿಯಸ್' ಪದವನ್ನು ಕ್ರಿಯಾವಿಶೇಷಣವಾಗಿ ಬಳಸಬಾರದು. ಅದನ್ನು ಹಾಗೆ ಬಳಸುವವರಾದರೂ ಎಷ್ಟು ಜನ ಇದ್ದರೋ! ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ಇಂಗ್ಲಿಷಿನ ಅತ್ಯಂತ ಪ್ರಸಿದ್ಧ ನಾಲ್ಕಕ್ಷರದ ಬೈಗುಳವನ್ನು 'ಥರ್ಡ್'ಗೆ ಸೇರಿಸಲು ಗೋವ್ ಸಿದ್ಧರಿದ್ದರು, ಮೆರಿಯಮ್ ಕಂಪನಿಯ ಅಧ್ಯಕ್ಷ ಗಾರ್ಡನ್ ಗ್ಯಾಲನ್ ತಡೆದಿದ್ದರು. ಎಂಟು ವರ್ಷಗಳ ಬಳಿಕ ಅದನ್ನು ಒಳಗೆ ಬಿಟ್ಟದ್ದು ಭಾಷೆಯ ಮಾನ ಕಾಯಲೆಂದು ಹುಟ್ಟಿದ ಅಮೆರಿಕನ್ ಹೆರಿಟೇಜ್.

ಗೋವ್ 1967ರಲ್ಲಿ ನಿವೃತ್ತರಾದರು, 1972ರಲ್ಲಿ ತೀರಿಕೊಂಡರು. 'ಥರ್ಡ್' ಅಚ್ಚಿನಲ್ಲೇ ಉಳಿಯಿತು. ಅಮೆರಿಕ ಸರ್ಕಾರದ ಮುದ್ರಣಾಲಯ ಕಾಗುಣಿತಕ್ಕೆ ಅದನ್ನೇ ಅನುಸರಿಸಿತು. ಸಣ್ಣ ಗಾತ್ರದ ಕಾಲೇಜು ನಿಘಂಟುಗಳು ಅದರಿಂದಲೇ ಹುಟ್ಟಿ ಲಕ್ಷಗಟ್ಟಲೆ ಮಾರಾಟವಾದವು. ಅದರ ಜಾಗಕ್ಕೆ 'ಫೋರ್ತ್' ಎಂಬ ಮುದ್ರಿತ ಸಂಪುಟ ಬರಲೇ ಇಲ್ಲ. 2020ರ ಜುಲೈಯಲ್ಲಿ 'ಇರ್‌ರಿಗಾರ್ಡ್‌ಲೆಸ್' ಈಗ ಪದವಾಯಿತಂತೆ ಎಂಬ ಸುದ್ದಿ ಹಬ್ಬಿ ಜನ ಮತ್ತೊಮ್ಮೆ ಮೆರಿಯಮ್ ಮೇಲೆ ಮುಗಿಬಿದ್ದರು. 1934ರಿಂದಲೂ ಅದು ನಮ್ಮ ನಿಘಂಟಿನಲ್ಲಿದೆ, 1795ರಷ್ಟು ಹಿಂದೆಯೇ ಅಚ್ಚಾದದ್ದು ಸಿಕ್ಕಿದೆ, ಇದ್ದ ಮಾತ್ರಕ್ಕೆ ಬಳಸಿ ಎಂದೇನೂ ಅಲ್ಲ ಎಂದು ಕಂಪನಿ ಸಮಾಧಾನ ಹೇಳಬೇಕಾಯಿತು. ಜನ ಎದೆಗವಚಿಕೊಂಡು ಅತ್ತ 'ಸೆಕೆಂಡ್'ನಲ್ಲೇ ಅದು ಮೊದಲು ಬಂದದ್ದು!

ಆದರೆ ಗೋವ್ ನಿಘಂಟಿಗೆ ಬಿದ್ದ ದೊಡ್ಡ ಪೆಟ್ಟು ಪತ್ರಿಕೆಗಳಿಂದ ಬಂದದ್ದಲ್ಲ, ಅಮೆರಿಕದ ಸುಪ್ರೀಂ ಕೋರ್ಟಿನಿಂದ. 1994ರಲ್ಲಿ ಎಂಸಿಐ ಮತ್ತು ಎಟಿ ಅಂಡ್ ಟಿ ಎಂಬ ಎರಡು ದೂರವಾಣಿ ಕಂಪನಿಗಳ ವ್ಯಾಜ್ಯ ಅಲ್ಲಿಗೆ ಬಂತು. ದೂರವಾಣಿ ಕಂಪನಿಗಳು ತಮ್ಮ ದರಪಟ್ಟಿಯನ್ನು ಸರ್ಕಾರಿ ಆಯೋಗಕ್ಕೆ ಸಲ್ಲಿಸಬೇಕು ಎಂಬುದು 1934ರ ಕಾಯ್ದೆಯ ನಿಯಮ. ಅದರ ಷರತ್ತುಗಳನ್ನು 'ಮಾಡಿಫೈ' ಮಾಡುವ ಅಧಿಕಾರವನ್ನು ಕಾಯ್ದೆಯೇ ಆಯೋಗಕ್ಕೆ ಕೊಟ್ಟಿತ್ತು. ಅದನ್ನು ಹಿಡಿದು ಆಯೋಗ, ಮಾರುಕಟ್ಟೆಯಲ್ಲಿ ಪ್ರಾಬಲ್ಯವಿಲ್ಲದ ಕಂಪನಿಗಳು ದರಪಟ್ಟಿ ಸಲ್ಲಿಸದಿದ್ದರೂ ನಡೆಯುತ್ತದೆ ಅಂದಿತು. 'ಮಾಡಿಫೈ' ಅಂದರೆ ಸಣ್ಣಪುಟ್ಟ ಬದಲಾವಣೆಯೋ, ಬುಡಸಮೇತ ಬದಲಾವಣೆಯೂ ಆಗಬಹುದೋ? ಎರಡನೆಯ ಅರ್ಥಕ್ಕೆ ಎಂಸಿಐ ಪರ ವಕೀಲರು ಮುಂದಿಟ್ಟದ್ದು 'ವೆಬ್‌ಸ್ಟರ್ಸ್ ಥರ್ಡ್'. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ, ಜನರ ತಪ್ಪುಗಳನ್ನು ಸರಿಯಾದ ಬಳಕೆಯೆಂದು ತೋರಿಸಿದ್ದಕ್ಕಾಗಿ ಈ ನಿಘಂಟು ಪ್ರಕಟವಾದಾಗಲೇ ವ್ಯಾಪಕ ಟೀಕೆಗೆ ಒಳಗಾಗಿತ್ತು ಎಂದು ನೆನಪಿಸಿ, 'ಇನ್‌ಫರ್', 'ಇಂಪ್ಲೈ' ಉದಾಹರಣೆಯನ್ನೂ, ಫಾಲೆಟ್ ಮತ್ತು ಬಾರ್ಜೂನ್ ಲೇಖನಗಳನ್ನೂ ಉಲ್ಲೇಖಿಸಿದರು. ಕಾಯ್ದೆ ಬಂದ 1934ರಲ್ಲಿ ಈ ನಿಘಂಟು ಹುಟ್ಟಿಯೇ ಇರಲಿಲ್ಲ ಎಂಬುದನ್ನೂ ಬರೆದರು. 5-3ರ ಬಹುಮತದಲ್ಲಿ ಆಯೋಗ ಸೋತಿತು. ಎರಡು ವರ್ಷದ ಬಳಿಕ ಅಮೆರಿಕದ ಕಾಂಗ್ರೆಸ್ಸು 1996ರ ದೂರಸಂಪರ್ಕ ಕಾಯ್ದೆಯಲ್ಲಿ, ಬೇಡವೆನಿಸಿದ ನಿಯಮಗಳನ್ನು ಜಾರಿ ಮಾಡದೆ ಬಿಡುವ ಅಧಿಕಾರವನ್ನು ಅದೇ ಆಯೋಗಕ್ಕೆ ಕೊಟ್ಟಿತು. ಈ ಸಲ 'ಮಾಡಿಫೈ' ಎಂಬ ಪದದ ಮೇಲೆ ಭಾರ ಹಾಕದೆ, ಬಿಡಿಸಿ ಬರೆದಿತ್ತು.